ಕಟ್ಟೆಯ ಕೆಳಗೆ ಯಾರೂ ಇಲ್ಲ

ನಾನು ಏನು ಕೆಲಸ ಮಾಡಿದೆ ಅನ್ನುವುದು ನಮ್ಮೂರು ಉಡಿಗಾಲದ ನೆಂಟರಿಗೆ ಇವತ್ತಿಗೂ ಗೊತ್ತಿಲ್ಲ. "ಮಾದೇವ ಡ್ಯಾಮಲ್ಲಿದ್ದ" ಅನ್ನುತ್ತಾರೆ. ಡ್ಯಾಮ್ ಅಂದಮೇಲೆ ಪಾರ್ಕು, ಬಣ್ಣದ ಕಾರಂಜಿ, ಗೇಟಿನಿಂದ ಧುಮುಕುವ ನೀರು ಎಲ್ಲ ಇರಬೇಕಲ್ಲ. ನಾನು ನೋಡಿಕೊಂಡ ಡ್ಯಾಮುಗಳಲ್ಲಿ ಅದೊಂದೂ ಇರಲಿಲ್ಲ, ಇದ್ದದ್ದು ಕೆಸರು. ಜೀವಮಾನವೆಲ್ಲ ಕೆಸರು ಕಾದು ರಿಟೈರಾದ ಮನುಷ್ಯ ನಾನು. ಮದುವೆ ಮನೆಯಲ್ಲಿ ಯಾರಾದರೂ ಕೇಳಿದಾಗ ಇದನ್ನು ವಿವರವಾಗಿ ಹೇಳಲು ಹೋದರೆ, ಮುಂದಿನ ಪಂಕ್ತಿಯಲ್ಲಿ ಅವರು ನನ್ನಿಂದ ನಾಲ್ಕು ಎಲೆ ಆಚೆ ಕೂತಿರುತ್ತಾರೆ.

ಈಚೆಗೆ ಈ ಕೆಲಸಕ್ಕೆ ಸೇರಿದ ಕೆಲವರು ಫೋನ್ ಮಾಡಿ, "ಸಾರ್, ನಿಮ್ಮ ಅನುಭವ ಬರೆದುಕೊಡಿ" ಅಂದರು. ಬರೆಯುತ್ತೇನೆ. ಆದರೆ ಯಾವ ವರ್ಷ ಯಾವ ಪ್ರಮೋಷನ್ ಸಿಕ್ಕಿತು ಅನ್ನುವುದನ್ನು ಬಿಟ್ಟುಬಿಡುತ್ತೇನೆ, ಸಿಕ್ಕಿದ್ದೂ ಅಷ್ಟಕ್ಕಷ್ಟೇ. ನಾನು ಮಾಡಿದ ಅತಿ ದೊಡ್ಡ ತಪ್ಪನ್ನು ಮಾತ್ರ ಬಿಡುವುದಿಲ್ಲ. ಅದರ ಫೋಟೋಕ್ಕೆ ಕಟ್ಟು ಹಾಕಿಸಿ ನಮ್ಮ ಮನೆಯ ಹಾಲಿನಲ್ಲಿ ತೂಗುಹಾಕಿದ್ದೇನೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಕೆಲಸ ಶುರುವಾದದ್ದು ಮಧ್ಯಭಾರತದ ಕಲ್ಲಿದ್ದಲ ಸೀಮೆಯಲ್ಲಿ. ಗಣಿಯಿಂದ ಬಂದ ಕಲ್ಲಿದ್ದಲನ್ನು ಅಕ್ಕಿ ತೊಳೆದ ಹಾಗೆ ತೊಳೆಯುತ್ತಾರೆ. ತೊಳೆದು ಉಳಿಯುವ ಕರಿ ಕೆಸರನ್ನು ಎಲ್ಲೆಂದರಲ್ಲಿ ಚೆಲ್ಲುವ ಹಾಗಿಲ್ಲ. ಮಣ್ಣಿನ ಏರಿ ಕಟ್ಟಿ, ಪೈಪಿನಲ್ಲಿ ತಂದು ಅದರೊಳಗೆ ಬಿಡುತ್ತಾರೆ. ಕೆಸರು ತಳಕ್ಕೆ ಕೂರುತ್ತದೆ, ತಿಳಿನೀರು ಮೇಲೆ ನಿಲ್ಲುತ್ತದೆ. ಆ ತಿಳಿನೀರನ್ನು ಕೋಡಿಯಿಂದ ಹೊರಹಾಕುತ್ತಾ ಇರಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಏರಿ ಒಡೆದರೆ ನೀರಿಗಿಂತ ಕೆಸರು ಕೆಟ್ಟದ್ದು. ನೀರು ಮನೆಗೆ ನುಗ್ಗಿದರೂ ಆಚೆ ಹರಿದುಹೋಗುತ್ತದೆ. ಕೆಸರು ಒಳಗೆ ಬಂದು ಅಲ್ಲೇ ಕೂತುಬಿಡುತ್ತದೆ, ಒಳಗಿದ್ದವರ ಮೇಲೆ.

ಸೇರಿದ ಮೊದಲ ವಾರವೇ ಕೆಸರು ನನ್ನ ಮಾತಾಡಿಸಿತು. ಒಣಗಿ ಬಿರುಕು ಬಿಟ್ಟು, ಒಳ್ಳೆ ಕ್ರಿಕೆಟ್ ಆಡುವ ಮೈದಾನದ ಹಾಗೆ ಕಾಣುತ್ತಿದ್ದ ಜಾಗದ ಮೇಲೆ ಎರಡು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ಸೊಂಟದವರೆಗೆ ಒಳಗಿದ್ದೆ. ಏಣಿ ಅಡ್ಡ ಮಲಗಿಸಿ ನನ್ನ ಎಳೆದುಹಾಕಿದರು. ನನ್ನ ಎಡಗಾಲಿನ ಬೂಟು ಈಗಲೂ ಅಲ್ಲೇ ಸರ್ವಿಸ್‌ನಲ್ಲಿದೆ, ಅದಕ್ಕಿನ್ನೂ ರಿಟೈರ್ಮೆಂಟ್ ಆಗಿಲ್ಲ.

ಅಲ್ಲಿ ನನ್ನ ಸಾಹೇಬರು ಮಿಶ್ರಾ ಅಂತ. ಕುಳ್ಳಗೆ, ದಪ್ಪಗೆ, ದಿನಕ್ಕೆ ಹತ್ತು ಸಲ ಟೀ ಕುಡಿಯುವ ಮನುಷ್ಯ. ನಾನು ಮೊದಲ ಸಲ ಒಂದು ಏರಿಯನ್ನು ಅಳೆದು, ಇಳಿಜಾರು ನೋಡಿ, ಒಂದು ಬಿರುಕೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ವರದಿಯಲ್ಲಿ 'ಅಪಾಯ ವರ್ಗ: ಕಡಿಮೆ' ಅಂತ ಬರೆದುಕೊಟ್ಟೆ. ಸಾಹೇಬರು ಓದಿದರು. "ನಡಿ, ಟೀ ಕುಡಿಯೋಣ" ಅಂದರು. ಏರಿ ಇಳಿಸಿಕೊಂಡು ಕೆಳಗಿನ ಪುಟ್ಟ ಹಳ್ಳಿಗೆ ಕರೆದುಕೊಂಡು ಹೋದರು. ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಹಿಂದಿಯಲ್ಲಿ ಕೇಳಿದರು: "ಮಹಾದೇವ್, ಈಗ ಇಲ್ಲಿ ಎಷ್ಟು ಜನ ಟೀ ಕುಡೀತಿದಾರೆ?"

ಎಣಿಸಿದೆ. ಹದಿನಾಲ್ಕು, ನಮ್ಮಿಬ್ಬರನ್ನೂ ಸೇರಿಸಿ.

"ಹಾಗಾದ್ರೆ ಅಪಾಯ ಹೆಚ್ಚು ಅಂತ ಬರಿ. ಏರಿ ಗಟ್ಟಿಯಾಗಿದೆ ಅನ್ನೋದು ಬೇರೆ ಕಾಲಂ. ಇದು ಒಡೆದರೆ ಯಾರ ತಲೆ ಮೇಲೆ ಅನ್ನೋ ಕಾಲಂ. ಮೇಲೆ ನಿಂತು ಇದನ್ನ ತುಂಬಬೇಡ. ಕೆಳಗೆ ಬಂದು ಟೀ ಕುಡಿದು ತುಂಬು."

ಇನ್ನೊಂದು ಪಾಠವನ್ನೂ ಅವರೇ ಕಲಿಸಿದ್ದು. ಏರಿಯ ಬುಡದಲ್ಲಿ ಎಲ್ಲಾದರೂ ಉಳಿದ ಕಡೆಗಿಂತ ಹಸಿರು ಜಾಸ್ತಿ ಕಂಡರೆ ಅಲ್ಲಿ ನೀರು ಜಿನುಗುತ್ತಿದೆ ಅಂತ ಅರ್ಥ. ಆ ನೀರನ್ನು ಲೋಟದಲ್ಲಿ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಕಣ್ಣಿಟ್ಟಿರು. ಬಗ್ಗಡವಾಗಿದ್ದರೆ ನೀರು ಏರಿಯನ್ನು ಒಳಗೊಳಗೇ ಕೊರೆದುಕೊಂಡು ಬರುತ್ತಿದೆ, ಓಡು. ಈ ಎರಡು ಪಾಠ ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ವರ್ಷಗಳು ಕಳೆದಂತೆ ಲೋಟ ಹೋಯಿತು. ಏರಿಯೊಳಗೆ ಕೊಳವೆ ಇಳಿಸಿ ನೀರಿನ ಮಟ್ಟ ಓದುವುದು ಬಂತು. ಹಗ್ಗ ಹಿಡಿದು ಬಿಸಿಲಲ್ಲಿ ಅಳೆಯುವುದು ಹೋಗಿ ಡ್ರೋನ್ ಬಂತು. ನಾನು ಹಳೆಯದೆಲ್ಲ ಚಿನ್ನ ಅನ್ನುವ ಪೈಕಿಯಲ್ಲ. ಡ್ರೋನ್ ಮೊದಲ ಸಲ ಹಾರಿದಾಗ ನನ್ನ ಮಂಡಿಗಳು ಮನಸಾರೆ ಹರಸಿದವು. ಅಷ್ಟು ಹೊತ್ತಿಗೆ ನಾನು ಕಲ್ಲಿದ್ದಲು ಬಿಟ್ಟು ಚಾಮರಾಜನಗರಕ್ಕೆ ವಾಪಸು ಬಂದಿದ್ದೆ. ತಪಾಸಣೆ ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ನಮ್ಮ ಕಡೆ ಕಲ್ಲಿದ್ದಲು ಎಲ್ಲಿ ಅನ್ನಬೇಡಿ. ಕಲ್ಲಂತೂ ಇದೆ. ಕಲ್ಲು ಪುಡಿಮಾಡಿ ಎಂ-ಸ್ಯಾಂಡ್ ಮಾಡುವ ಘಟಕಗಳಲ್ಲೂ ಮರಳು ತೊಳೆದ ಕೆಸರು ಉಳಿಯುತ್ತದೆ, ಅದನ್ನೂ ಹೀಗೇ ಏರಿ ಕಟ್ಟಿ ನಿಲ್ಲಿಸುತ್ತಾರೆ. ಬಣ್ಣ ಮಾತ್ರ ಕಪ್ಪಿನ ಬದಲು ಬೂದು.

ಅಂಥ ಒಂದು ಕಟ್ಟೆ ಬೇಗೂರಿಗೂ ಗುಂಡ್ಲುಪೇಟೆಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ದಿಣ್ಣೆಯ ಮೇಲಿತ್ತು. ಕಾವಲಿಗಿದ್ದವನು ಸಿದ್ದಣ್ಣ. ಅವನ ಅಪ್ಪ, ತಾತ ಎಲ್ಲ ಊರ ಕೆರೆಯ ನೀರಗಂಟಿಗಳು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದ ಮನೆತನ. ಆ ಹೆಮ್ಮೆ ಅವನ ಮೀಸೆಯಲ್ಲೇ ಕಾಣುತ್ತಿತ್ತು. ನಾನು ಮೊದಲ ಸಲ ಹೋದಾಗ ನೋಡುತ್ತೇನೆ, ಕೋಡಿಯ ಬಾಯಿಗೆ ಮರಳಿನ ಮೂಟೆಗಳನ್ನು ಒತ್ತರಿಸಿ ಇಟ್ಟಿದ್ದಾನೆ. ನೀರು ಏರಿಯ ತಲೆ ಮುಟ್ಟಲು ಒಂದೇ ಮೊಳ ಬಾಕಿ ಇದೆ.

"ಇದ್ಯಾಕ್ಲಾ ಸಿದ್ದಣ್ಣ?"

"ನೀರು ಸುಮ್ಕೆ ಪೋಲಾಯ್ತಿತ್ತು ಸಾಮಿ. ತಡೆದ್ಬುಟ್ಟೆ" ಅಂದ, ಭೇಷ್ ಅನ್ನಿಸಿಕೊಳ್ಳುವ ಮುಖ ಮಾಡಿಕೊಂಡು.

ನಮ್ಮ ಸೀಮೆಯಲ್ಲಿ ಹರಿದುಹೋಗುವ ನೀರನ್ನು ನೋಡುತ್ತಾ ನಿಲ್ಲುವುದು ಯಾರ ಕೈಲೂ ಆಗುವುದಿಲ್ಲ, ನೀರಗಂಟಿ ವಂಶದವನ ಕೈಲಂತೂ ಆಗುವುದೇ ಇಲ್ಲ. ಇದು ಕೆರೆಯಲ್ಲ, ಇಲ್ಲಿ ಕಾಯಬೇಕಾದದ್ದು ಕೆಸರು, ನೀರನ್ನು ಆದಷ್ಟೂ ಆಚೆ ಕಳಿಸಬೇಕು, ತುಂಬಿದಷ್ಟೂ ಏರಿಯ ಮೇಲೆ ಭಾರ ಅಂತ ಅರ್ಧ ಗಂಟೆ ಹೇಳಿದೆ. ಮೂಟೆ ತೆಗೆದ. ತೆಗೆಯುತ್ತಾ, "ನೀರ ಓಗ್ಲಿ ಬುಡು ಅನ್ನೋ ಇಂಜಿನಿಯರ್ನ ಇವತ್ತೇ ಕಣ ನಾನು ನೋಡಿದ್ದು" ಅಂತ ಏರಿಗೇ ಹೇಳಿಕೊಂಡ.

ಆ ಕಟ್ಟೆಯ ಅಪಾಯ ವರ್ಗವನ್ನೂ ನಾನೇ ನಿಗದಿ ಮಾಡಬೇಕಿತ್ತು. ಬೇಸಿಗೆ, ಮಟಮಟ ಮಧ್ಯಾಹ್ನ. ಡ್ರೋನ್ ಹಾರಿಸಿದೆವು. ಚಿತ್ರದಲ್ಲಿ ಏರಿಯ ಕೆಳಗೆ ಉತ್ತು ಬಿಟ್ಟ ಕೆಂಪು ಹೊಲ, ಒಂದು ಬೇವಿನ ಮರ. ಒಂದು ನಾಯಿ ಕೂಡ ಇರಲಿಲ್ಲ. ಮಿಶ್ರಾ ಸಾಹೇಬರಾಗಿದ್ದರೆ ಕೆಳಗಿಳಿದು ಟೀ ಹುಡುಕುತ್ತಿದ್ದರು. ನಾನು ಕಾರಿನ ಏಸಿಯಲ್ಲಿ ಕೂತು 'ಕೆಳಭಾಗದಲ್ಲಿ ಜನ: ಯಾರೂ ಇಲ್ಲ. ಅಪಾಯ ವರ್ಗ: ಕಡಿಮೆ' ಅಂತ ತುಂಬಿದೆ. ಘಟಕದ ಮಾಲೀಕರಿಗೆ ಖುಷಿಯೋ ಖುಷಿ. ಹೆದ್ದಾರಿಗೆ ಕಾಣುವ ಹಾಗೆ ಬೋರ್ಡೇ ಬರೆಸಿ ಹಾಕಿದರು: 'ಇದು ಕಡಿಮೆ ಅಪಾಯದ ಕಟ್ಟೆ.' ಆ ಬೋರ್ಡು ನೋಡಿ ನನಗೂ ಸ್ವಲ್ಪ ನಗು ಬಂತು. ತೆಗೆಸಬೇಕು ಅನ್ನಿಸಲಿಲ್ಲ, ನೋಡಿ.

ಮಳೆಗಾಲ ಬಂತು. ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಅರಳುವ ದಿನಗಳಲ್ಲಿ ಹೆದ್ದಾರಿ ಹೇಗಿರುತ್ತದೆ ಅಂತ ಬಲ್ಲವರು ಬಲ್ಲರು. ವಯನಾಡಿನಿಂದ, ಊಟಿಯಿಂದ ಬಂಡೀಪುರ ದಾಟಿ ಬಂದ ಕಾರುಗಳೆಲ್ಲ ಬ್ರೇಕು ಹಾಕುತ್ತವೆ. ಎಣ್ಣೆಗೆ ಹಾಕಿದ ಬೆಳೆ ಫೋಟೋಕ್ಕೇ ಹೆಚ್ಚು ಒದಗುತ್ತದೆ. ಒಂದು ಶನಿವಾರ ಬೇಗೂರಿನ ನೆಂಟರ ಮನೆಯಿಂದ ವಾಪಸು ಬರುವಾಗ ನನ್ನ ಹೆಂಡತಿ ರತ್ನ, "ರೀ, ಎಲ್ಲರೂ ಹೂವಿನಲ್ಲಿ ನಿಂತು ಫೋಟೋ ತೆಗೆಸ್ಕೋತಾರೆ. ಕೆಸರಿನ ಇಂಜಿನಿಯರ್ ಹೆಂಡ್ತಿ ಅಂತ ನಾನು ಮಾತ್ರ ತೆಗೆಸ್ಕೋಬಾರದಾ?" ಅಂದಳು. ದಾರಿಯಲ್ಲಿ ಎಲ್ಲಕ್ಕಿಂತ ಸೊಗಸಾಗಿ ಕಂಡ ಹೊಲದ ಹತ್ತಿರ ನಿಲ್ಲಿಸಿದೆ. ಇಳಿದು ನೋಡಿದರೆ, ಮೇಲೆ ನನ್ನ ಕಟ್ಟೆಯೇ.

ಹೊಲದೊಡತಿ ಚಿಕ್ಕತಾಯಮ್ಮ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಬಂದವರಿಗೆ ಚೀಟಿ ಹರಿದು ಕೊಡುತ್ತಿದ್ದಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಹೊಲದ ತುಂಬ ಮಲಯಾಳಿ ಸಂಸಾರಗಳು. "ಸಾಮಿ, ಇಲ್ಲಿ ಬ್ಯಾಡಿ, ಆ ಮ್ಯಾಲ್ಗಡೆ ಓಗಿ ನಿಂತ್ಕಳಿ. ಏರಿ ಪಕ್ಕದಲ್ಲಿ ಹೂವ ಆಳೆತ್ತರ ಬಂದವೆ" ಅಂದಳು. ಹೋಗಿ ನಿಂತೆವು. ನಿಜಕ್ಕೂ ಆಳೆತ್ತರ. ಉಳಿದ ಹೊಲದಲ್ಲಿ ಸೊಂಟಕ್ಕೆ ಬರುವ ಗಿಡ ಅಲ್ಲಿ ನನ್ನ ತಲೆ ದಾಟಿತ್ತು. ರತ್ನಳ ಚಪ್ಪಲಿ ಕಿತ್ತರೂ ಬರದಷ್ಟು ಒದ್ದೆ ನೆಲಕ್ಕೆ ಕಚ್ಚಿಕೊಂಡಿತು. "ಇಷ್ಟು ಬಿಸಿಲಲ್ಲಿ ಇಲ್ಲೇನ್ರೀ ಇಷ್ಟು ಹಸಿ?" ಅಂದಳು. "ಮಳೆ ಬಂದಿರಬೇಕು, ನೀನು ಈ ಕಡೆ ನೋಡು" ಅಂದೆ. ಇಬ್ಬರೂ ಹಲ್ಲು ಬಿಟ್ಟೆವು. ಫೋಟೋ ಬಲು ಚೆನ್ನಾಗಿ ಬಂತು.

ಭಾನುವಾರ ಬೆಳಗ್ಗೆ ದೋಸೆ ತಿನ್ನುತ್ತಾ ಕೂತಿದ್ದೆ. ರತ್ನ ಫೋಟೋವನ್ನು ತಂಗಿಗೆ ಕಳಿಸಿದ್ದಳು. ಅವಳ ಉತ್ತರವನ್ನು ಓದಿ ಹೇಳಿದಳು: "ನಿಮ್ಮ ನಾದಿನಿ ಕೇಳ್ತಿದಾಳೆ, ಮುಂದಿನ ಗಿಡ ಗಿಡ್ಡ, ಹಿಂದಿಂದು ಉದ್ದ, ಹಿಂದಿನ ಸಾಲಿಗೆ ಏನು ಗೊಬ್ಬರ ಹಾಕಿದಾರೆ ಅಂತ."

ದೋಸೆ ಬಿಟ್ಟು ಎದ್ದೆ. ಫೋನು ಕಿತ್ತುಕೊಂಡು ನೋಡಿದೆ. ಉದ್ದ ಗಿಡಗಳು ಏರಿಯ ಬುಡದ ಉದ್ದಕ್ಕೂ ಗೆರೆ ಎಳೆದ ಹಾಗೆ ನಿಂತಿದ್ದವು. ಬಾಗಿಲಿಗೆ ಓಡಿ ರತ್ನಳ ಚಪ್ಪಲಿ ಎತ್ತಿ ನೋಡಿದೆ. ಆ ಹೊಲದ ಮಣ್ಣು ಕುಂಕುಮದಂಥ ಕೆಂಪು. ಚಪ್ಪಲಿಗೆ ಮೆತ್ತಿ ಒಣಗಿದ್ದದ್ದು ಬೂದು. ನೀರೊಂದೇ ಅಲ್ಲ, ಕಟ್ಟೆಯೊಳಗಿನ ಕೆಸರೂ ಏರಿಯನ್ನು ಕೊರೆದುಕೊಂಡು ಆಚೆ ಬರುತ್ತಿತ್ತು. ಇವತ್ತು ಭಾನುವಾರ, ಹೊಲದಲ್ಲಿ ನಿನ್ನೆಗಿಂತ ಜಾಸ್ತಿ ಜನ, ಅದೂ ಹೂವು ಉದ್ದ ಇರುವ ಕಡೆಯೇ, ಏರಿಯ ಬುಡದಲ್ಲೇ. 

ಘಟಕಕ್ಕೆ ಫೋನ್ ಮಾಡಿ ಕೆಸರು ಬಿಡುವುದನ್ನು ನಿಲ್ಲಿಸಲು ಹೇಳಿದೆ. ಸಿದ್ದಣ್ಣನ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ಚಾಮರಾಜನಗರದಿಂದ ಅಲ್ಲಿಗೆ ಹೇಗೆ ಕಾರು ಓಡಿಸಿದೆ ಅನ್ನುವುದು ನೆನಪಿಲ್ಲ. ಚಿಕ್ಕತಾಯಮ್ಮನ ನೀರಿನ ಲೋಟವನ್ನೇ ಕಿತ್ತುಕೊಂಡು ಉದ್ದ ಹೂಗಳ ನಡುವೆ ನುಗ್ಗಿ, ಬುಡದಲ್ಲಿ ಬೆರಳಿನಿಂದ ಕೆದಕಿ, ಜಿನುಗಿದ್ದನ್ನು ತುಂಬಿಕೊಂಡು ಬಿಸಿಲಿಗೆ ಹಿಡಿದೆ. ಹಾಲು ಕುಡಿದ ಲೋಟ ತೊಳೆದ ನೀರಿನ ಹಾಗೆ ಬಗ್ಗಡವಾಗಿತ್ತು. ಎಷ್ಟೋ ವರ್ಷದ ಮೇಲೆ ಲೋಟ ಹಿಡಿದಿದ್ದೆ.

"ಎಲ್ಲಾ ಹೊರಗೆ ನಡೀರಿ! ಹೊರಗೆ!" ಅಂತ ಕೂಗಿದೆ. ಯಾರೂ ಕದಲಲಿಲ್ಲ. ಒಬ್ಬಾಕೆ ನಗುತ್ತಾ ಬಂದು, "ಚೇಟ್ಟಾ, ಒರು ಫೋಟೋ ಎಡುತ್ತು ತರಾಮೋ?" ಅಂತ ಫೋನು ನನ್ನ ಕೈಗಿಟ್ಟಳು. ಏರಿ, ಅಪಾಯ, ಒಡೆಯುತ್ತದೆ ಅನ್ನುವುದಕ್ಕೆ ನನಗೆ ಮಲಯಾಳದಲ್ಲಿ ಒಂದು ಪದ ಬರಲಿಲ್ಲ. ಕೈಕಾಲು ಆಡಿಸಿದೆ. ಪಕ್ಕದವರು ಅದನ್ನೂ ವಿಡಿಯೋ ಮಾಡಿಕೊಂಡರು.

ಲೋಟಕ್ಕಾಗಿ ಹಿಂದೆಯೇ ಬಂದಿದ್ದ ಚಿಕ್ಕತಾಯಮ್ಮ ನನ್ನ ಮುಖ ನೋಡಿದಳು, ಲೋಟ ನೋಡಿದಳು. "ಏನ್ ಸಾಮಿ?"

"ಏರಿ ಒಡೀಬೌದು ಕಣವ್ವಾ. ಜನ ಆಚ್ಗೆ ಓಗ್ಬೇಕು, ಈಗಲೇ."

ಅವತ್ತಿನ ಸಂಪಾದನೆ, ಆ ಋತುವಿನ ಸಂಪಾದನೆ ಎಲ್ಲ ಆ ಜನರೇ. ಆಕೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಲವೇ ನಡುಗುವ ಹಾಗೆ ಕೂಗಿದಳು: "ಆನೆ! ಆನೆ ಬಂದದೆ! ಆನ! ಆನ!"

ಬಂಡೀಪುರದ ಪಕ್ಕದಲ್ಲಿ ನಿಂತು ಕೇಳುವ ಆ ಮಾತಿಗೆ ಯಾವ ಭಾಷೆಯವರಿಗೂ ಅನುವಾದ ಬೇಕಿಲ್ಲ. ಟೋಪಿ, ಚಪ್ಪಲಿ, ಚಿಪ್ಸ್ ಪೊಟ್ಟಣ ಬಿಟ್ಟು ಜನ ಹೆದ್ದಾರಿಗೆ ಓಡಿದರು. ಇಬ್ಬರು ಗಂಡಸರು ಮಾತ್ರ ಆನೆ ಎಲ್ಲಿ ಅಂತ "ಎವಿಡೆ? ಎವಿಡೆ?" ಅನ್ನುತ್ತಾ ಫೋನು ಹಿಡಿದು ಒಳಕ್ಕೆ ಓಡಿಬಂದರು. ಚಿಕ್ಕತಾಯಮ್ಮ ಕೈಗೆ ಸಿಕ್ಕ ಸೂರ್ಯಕಾಂತಿ ಗಿಡ ಕಿತ್ತು ಅದರಲ್ಲೇ ಅವರನ್ನು ಅಟ್ಟಿದಳು.

ಏರಿಯ ಮೇಲಕ್ಕೆ ಹತ್ತಿದೆ. ಕೋಡಿಗೆ ಮತ್ತೆ ಮೂಟೆ! ನೀರು ತಲೆಗೆ ಮುಟ್ಟಿತ್ತು. ಸಿದ್ದಣ್ಣ ಓಡಿಬಂದ, ಫೋನು ಗುಡಿಸಲಲ್ಲಿ ಚಾರ್ಜಿಗಿತ್ತಂತೆ.

"ಮೂಟೆ ಯಾಕ್ಲಾ ಇಟ್ಟೆ?"

"ಕಟ್ಟೆ ತುಂಬುದ್ರೆ ತಾಯಮ್ಮಕ್ಕನ ಹೂವ ಚೆಂದಾಗಿ ಬತ್ತವೆ ಸಾಮಿ. ಏರಿ ಜಿನುಗಿದ್ರೆ ಕೆಳಗ್ಲ ಹೊಲಕ್ಕೆ ಒಳ್ಳೇದು ತಾನೆ? ನಮ್ಮಪ್ಪನ ಕಾಲ್ದಿಂದೂವೆ ಹಂಗೇಯ."

 ಕೆರೆಯಾಗಿದ್ದರೆ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಇಬ್ಬರೂ ಸೇರಿ ಮೂಟೆ ಎಳೆದು ಹಾಕಿದೆವು. ನೀರು ಹಳ್ಳದ ಕಡೆ ಹೊರಟಿತು. ಘಟಕದಲ್ಲಿ ಮರಳು, ಜಲ್ಲಿಗೇನು ಬರ? ಜಿನುಗುವ ಕಡೆಯಲ್ಲೆಲ್ಲ ಮೊದಲು ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಸುರಿಸಿದೆ. ನೀರು ಆಚೆ ಬರಬಹುದು, ಕೆಸರು ಬರಬಾರದು, ಕಾಫಿ ಫಿಲ್ಟರಿನ ಕೆಲಸ. ಸಂಜೆಯ ಹೊತ್ತಿಗೆ ಲೋಟದಲ್ಲಿ ಹಿಡಿದ ನೀರು ತಿಳಿಯಾಯಿತು. ಏರಿ ನಿಂತಿತು. ಆಳೆತ್ತರದ ಹೂವೆಲ್ಲ ಜಲ್ಲಿಯ ಕೆಳಗೆ ಹೋಯಿತು.

ಚಿಕ್ಕತಾಯಮ್ಮ ಬೇವಿನ ಮರದ ಕೆಳಗೆ ಕೂತು ಅದನ್ನೇ ನೋಡುತ್ತಿದ್ದಳು. ಹತ್ತಿರ ಹೋದೆ. ಆಕೆ ಹೆದ್ದಾರಿಯ ಕಡೆಗಿದ್ದ ಬೋರ್ಡನ್ನು ತೋರಿಸಿದಳು.

"ಕಡ್ಮೆ ಅಪಾಯ ಅಂತ ನೀವೇ ಬರ್ಸಿದ್ದಂತಲ್ಲ ಸಾಮಿ. ಅದ ಓದಿಸ್ಕಂಡೇ ನಾನು ಧೈರ್ಯವಾಗಿ ಜನ್ವ ಆ ಕಡೀಕೆ ಕಳಿಸ್ತಿದ್ದುದು. ಕಡ್ಮೆ ಅಪಾಯ ಅಂದ್ರೆ ಒಡೆಯಾಕಿಲ್ಲ ಅಂತ ತಾನೆ?"

"ಅಲ್ಲ ಕಣವ್ವಾ. ಒಡೆದ್ರೂ ಕೆಳಗೆ ಯಾರೂ ಇಲ್ಲ ಅಂತ."

ಆಕೆ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು. "ಹಂಗಾರೆ ನಾನ್ಯಾರು?"

ಲಗ್ನವಾಗಿ ಬಂದಾಗಿನಿಂದ ಅದೇ ಹೊಲದಲ್ಲಿ ಕಳೆ ಕಿತ್ತವಳು. ಮಟಮಟ ಮಧ್ಯಾಹ್ನ ಡ್ರೋನ್ ಹಾರಿದಾಗ ಆಕೆ ಆ ಬೇವಿನ ಮರದ ಕೆಳಗೇ ಮಲಗಿದ್ದಳಂತೆ. ಅದೇನೋ ದುಂಬಿಯ ಸದ್ದು ಕೇಳಿತು ಅಂದಳು. ನನ್ನ ಚಿತ್ರದಲ್ಲಿ ಮರ ಇತ್ತು.

ಮಾರನೆಯ ದಿನ ತಿದ್ದುಪಡಿ ವರದಿ ಬರೆಯಲು ಕೂತೆ. ನಿವೃತ್ತಿಗೆ ಎರಡು ತಿಂಗಳಿತ್ತು. ನಮ್ಮ ಮ್ಯಾನೇಜರು ನನಗಿಂತ ಎಷ್ಟೋ ಚಿಕ್ಕವರು, ಒಳ್ಳೆಯವರು. "ಸಾರ್, ಬೆಳೆ ಬದಲಾದ್ದರಿಂದ ಈಗ ಜನ ಬರುತ್ತಿದ್ದಾರೆ, ಅದಕ್ಕೇ ವರ್ಗ ಬದಲಾಯಿಸಿದ್ದೇವೆ ಅಂತ ಬರೆದುಬಿಡಿ. ನಿಮ್ಮ ಹೆಸರಿಗೂ ಏನೂ ಆಗಲ್ಲ" ಅಂದರು. ಸುಳ್ಳೂ ಅಲ್ಲ ಅದು. ಬರೆಯಲು ಪೆನ್ನು ಎತ್ತಿದೆ ಅಂತಲೂ ಒಪ್ಪಿಕೊಳ್ಳುತ್ತೇನೆ. ಆದರೆ ಹಾಗೆ ಬರೆದರೆ, ಮೊದಲು ಅಲ್ಲಿ ಯಾರೂ ಇರಲಿಲ್ಲ ಅಂತ ನಾನು ಎರಡನೆಯ ಸಲ ಬರೆದ ಹಾಗಾಗುತ್ತಿತ್ತು.

'ಹಿಂದಿನ ವರದಿ ತಪ್ಪು. ತಪ್ಪು ನನ್ನದು. ಆಗಲೂ ಜನ ಇದ್ದರು' ಅಂತ ಬರೆದೆ. ಅಪಾಯ ವರ್ಗ: ಹೆಚ್ಚು. ಕೆಳಭಾಗದಲ್ಲಿ ಜನ ಅನ್ನುವ ಕಾಲಂನಲ್ಲಿ ಮೊದಲು ಚಿಕ್ಕತಾಯಮ್ಮ, ಆಮೇಲೆ ಹೂವು ನೋಡಲು ಬರುವವರು. ಸಾಕ್ಷಿಗೆ ಒಂದು ಫೋಟೋ ಲಗತ್ತಿಸಿದೆ. ಮ್ಯಾನೇಜರು ಅದನ್ನು ನೋಡಿ ಬೆಚ್ಚಿದರು.

"ಸಾರ್, ಇದರಲ್ಲಿ ನೀವೂ ಮೇಡಮ್ಮೂ ಇದೀರಲ್ಲ!"

"ಹೌದು ಸಾರ್. ಕಟ್ಟೆ ಕೆಳಗಿದ್ದವರು."

ಮಾಲೀಕರು ಹೊಸ ಬೋರ್ಡು ಹಾಕಲು ಅತ್ತರು, ಕೊನೆಗೆ ಹಾಕಿದರು. ಏರಿ ಈಗ ಮೊದಲಿಗಿಂತ ಎರಡರಷ್ಟು ಗಟ್ಟಿ, ಬೋರ್ಡಿನಲ್ಲಿ ಮಾತ್ರ ಹೆಚ್ಚು ಅಪಾಯ. ಹೂವಿನ ಜನ ಹೆದ್ದಾರಿಯ ಕಡೆಯ ತುದಿಯಲ್ಲಿ, ಸೊಂಟದುದ್ದದ ಹೂಗಳಲ್ಲಿ ನಿಲ್ಲುತ್ತಾರೆ. ಅದೇ ಫೋಟೋ ನಮ್ಮ ಹಾಲಿನಲ್ಲಿದೆ. ಈ ಕೆಲಸಕ್ಕೆ ಸೇರಿದವರು ಯಾರು ಮನೆಗೆ ಬಂದರೂ ಅದರ ಮುಂದೆ ನಿಲ್ಲಿಸಿ ಏನು ಕಾಣುತ್ತದೆ ಅಂತ ಕೇಳುತ್ತೇನೆ. "ನೀವು, ಮೇಡಮ್ಮು, ಹೂವು" ಅನ್ನುತ್ತಾರೆ. ರತ್ನ ಒಳಗಿಂದ, "ಅವರು ಹೇಳಿದ್ದು ಸರಿಯಾಗೇ ಇದೆ, ಸುಮ್ಮನೆ ಕಾಫಿ ಕೊಡಿ" ಅನ್ನುತ್ತಾಳೆ.

ಈಗಲೂ ಆ ಕಡೆ ಮಳೆ ಬಿದ್ದ ದಿನ ಸಿದ್ದಣ್ಣನ ಫೋನು ಬರುತ್ತದೆ. "ಸಾಮಿ, ಕೋಡಿ ಬಿದ್ದದೆ. ನೀರ ಓಯ್ತಾ ಅದೆ, ತಡೀಲಿಲ್ಲ ಕಣ" ಅನ್ನುತ್ತಾನೆ, ಹೊಟ್ಟೆ ಉರಿದುಕೊಂಡು. ಹೋದ ವಾರವೂ ಮಾಡಿದ್ದ. ಮಧ್ಯದಲ್ಲಿ ಚಿಕ್ಕತಾಯಮ್ಮ ಫೋನು ಕಿತ್ತುಕೊಂಡಳು.

"ಸಾಮಿ, ನಾನು ಕೆಳಗೇ ಇವ್ನಿ. ಬರ್ಕಂಡಿದ್ದೀರಾ?"

"ಬರ್ಕಂಡಿವ್ನಿ ಕಣವ್ವಾ" ಅಂದೆ.